ಗ್ಯಾಸ್ಕೆಟ್ಟಿನ ಕೆಳಗಿನ ಲೋಳೆ

ಆ ಹಳ್ಳಿಯ ಹಾಲಿನ ಸಂಘಕ್ಕೆ ನಾನು ಮೊದಲ ಸಲ ಹೋದದ್ದು ಬೇಸಿಗೆಯಲ್ಲಿ ಎಂದು ಬರೆಯಲು ಹೊರಟಿದ್ದೆ. ಆದರೆ ಬಾಗಿಲಲ್ಲಿ ಯಾರೋ ಗೋಣಿಚೀಲದ ಮೇಲೆ ಕೆಸರುಗಾಲು ಒರೆಸಿಕೊಂಡದ್ದೂ ನೆನಪಿದೆ. ಬೇಸಿಗೆಯ ಮಳೆ ಇದ್ದಿರಬಹುದು. ಅಥವಾ ಆ ಕೆಸರು ಬೇರೆ ಊರಿನದ್ದು, ಬೇರೆ ವರ್ಷದ್ದು. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟೇ: ವಕ್ಕಲೇರಿ ದಾಟಿ ಒಳರಸ್ತೆಯಲ್ಲಿದ್ದ ಆ ಮಹಿಳಾ ಸಂಘದ ಹಾಲು ಡೇರಿಯ ಲ್ಯಾಬಿನಲ್ಲಿ ಆಗಲೇ ಎರಡು ಸಲ ಫೇಲಾಗಿತ್ತು. ಇನ್ನೊಂದು ಸಲ ಫೇಲಾದರೆ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕನ್ನು ಅಲ್ಲಿಂದ ಕಿತ್ತು ಬೇರೆ ಊರಿಗೆ ಕೊಡುತ್ತೇವೆಂದು ಹೇಳಿದ್ದರು.

ಟ್ಯಾಂಕ್ ಹೋಯಿತೆಂದರೆ ಸಂಜೆಯ ಹಾಲಿಗೆ ಜಾಗವಿಲ್ಲ. ಬೆಳಗಿನ ಹಾಲನ್ನು ಹೆಂಗಸರು ಕ್ಯಾನಿನಲ್ಲಿ ಹೊತ್ತು ಮುಖ್ಯರಸ್ತೆಗೆ ಬಂದು ಗಾಡಿಗೆ ಕಾಯಬೇಕು. ಟ್ಯಾಂಕ್ ಬರುವುದಕ್ಕೆ ಮುಂಚೆ ಅಲ್ಲಿ ಹಾಗೆಯೇ ನಡೆಯುತ್ತಿತ್ತು. ಗಾಡಿ ತಡವಾದ ದಿನ ಹಾಲು ಒಡೆದು, ರಸ್ತೆ ಪಕ್ಕದ ಚರಂಡಿ ಬೆಳ್ಳಗಾಗುತ್ತಿತ್ತಂತೆ. ಟ್ಯಾಂಕಿಗಾಗಿ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದವರು ಸಂಘದ ಕಾರ್ಯದರ್ಶಿ. ಐವತ್ತರ ಆಸುಪಾಸಿನ ಹೆಂಗಸು, ಮನೆಯಲ್ಲಿ ತೆಲುಗು, ಸಂಘದಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ.

ನನ್ನ ಕೆಲಸ ಕೋಲಾರದ ಒಂದು ಚಿಕ್ಕ ಲ್ಯಾಬಿನಲ್ಲಿ. ಮಾಲೂರಿನಿಂದ ದಿನಾ ಬಸ್ಸು. ಬ್ಯಾಕ್ಟೀರಿಯಾಗಳು ಒಂದೊಂದಾಗಿ ತೇಲಿಕೊಂಡಿರುವಾಗ ಸುಲಭವಾಗಿ ಸಾಯುತ್ತವೆ. ಆದರೆ ಅವು ಒಂದು ಮೈಗೆ ಅಂಟಿ, ತಮ್ಮ ಸುತ್ತ ತಾವೇ ಅಂಟು ಸುರಿಸಿಕೊಂಡು ಪದರ ಕಟ್ಟಿದರೆ, ಸೋಪು, ಬ್ಲೀಚು ಯಾವುದೂ ಒಳಗೆ ಇಳಿಯುವುದಿಲ್ಲ. ತಿಕ್ಕದೆ ಬಿಟ್ಟ ಬಚ್ಚಲುಗಲ್ಲಿನ ಜಾರಿಕೆ ಇದೇ, ಬೆಳಿಗ್ಗೆ ಎದ್ದಾಗ ನಾಲಿಗೆಗೆ ಸಿಗುವ ಹಲ್ಲಿನ ಮೇಲಿನ ಜಿಗುಟೂ ಇದೇ. ಇಂಥ ಲೋಳೆಪದರವನ್ನು ಗಿಡಮೂಲಿಕೆಯಿಂದ, ಹುಳಿಯಿಂದ ಕೀಳಬಹುದೇ ಎಂದು ನಾನು ಆ ದಿನಗಳಲ್ಲಿ ಸ್ಟೀಲಿನ ಬಿಲ್ಲೆಗಳ ಮೇಲೆ ಪರೀಕ್ಷೆ ಮಾಡುತ್ತಿದ್ದೆ. ವೀಳ್ಯದೆಲೆಯ ಕಷಾಯ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಿಲ್ಲೆಯ ಮೇಲೆ. ಡೇರಿಯ ಗುಣಮಟ್ಟದ ಅಧಿಕಾರಿಗೆ ಇದು ಯಾರಿಂದಲೋ ಗೊತ್ತಾಗಿ ಫೋನು ಮಾಡಿದರು. "ಆ ಸಂಘದವ್ರು ಆಸಿಡ್ ಕ್ಲೀನಿಂಗ್ ಬೇಡ ಅಂತ ಹಟ ಹಿಡಿದಿದಾರೆ ಮೇಡಂ. ನಿಮ್ದು ಏನೋ ನ್ಯಾಚುರಲ್ ಇದೆಯಂತಲ್ಲ, ಒಂದ್ಸಲ ನೋಡಿಬಿಡಿ."

ನೋಡಿಬಿಡಿ ಎಂದರೆ ಒಂದು ದಿನದ ಕೆಲಸ ಎಂದುಕೊಂಡೆ.

ಬೆಳಗಿನ ಹಾಲು ತುಂಬಿದ ಮೇಲೆ ಡೇರಿಯ ಟ್ಯಾಂಕರ್ ಲಾರಿ ಬಂದು ಎಲ್ಲ ಎಳೆದುಕೊಂಡು ಹೋಗುತ್ತದೆ. ಆಮೇಲೆ ಟ್ಯಾಂಕ್ ತೊಳೆಯುತ್ತಾರೆ. ನಾನು ಬಸ್ಸಿಳಿದು ತಲುಪುವ ಹೊತ್ತಿಗೆ ತೊಳೆದು ಆಗಿರುತ್ತಿತ್ತು. ಒಳಗೆ ಮುಖ ಕಾಣುವಷ್ಟು ಹೊಳಪು. ಹತ್ತಿ ಸುತ್ತಿದ ಕಡ್ಡಿಯಿಂದ ಗೋಡೆ, ತಳ, ಹಾಲು ಕಲಕುವ ರೆಕ್ಕೆ ಎಲ್ಲ ಒರೆಸಿ ಲ್ಯಾಬಿಗೆ ಒಯ್ದೆ. ಹೆಚ್ಚೇನೂ ಬೆಳೆಯಲಿಲ್ಲ. ಬೆಳಿಗ್ಗೆ ಐಸಿನಲ್ಲಿ ತೆಗೆದಿಡಲು ಹೇಳಿದ್ದ ಅದೇ ಟ್ಯಾಂಕಿನ ಹಾಲಿಗೆ ನೀಲಿ ಬಣ್ಣ ಹಾಕಿ ಬೆಚ್ಚಗಿನ ನೀರಿನಲ್ಲಿಟ್ಟೆ. ಇದು ಹಳೆಯ ಪರೀಕ್ಷೆ: ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಒಳ್ಳೆಯ ಹಾಲು ಮಧ್ಯಾಹ್ನ ದಾಟಿದರೂ ನೀಲಿಯಾಗಿಯೇ ಇರುತ್ತದೆ. ಇದು ನಾನು ಕೈ ತೊಳೆದು ಟಿಫನ್ ಡಬ್ಬಿ ತೆರೆಯುವಷ್ಟರಲ್ಲಿ ಬೆಳ್ಳಗಾಗಿತ್ತು.

ಗೋಡೆ ಶುದ್ಧ, ಹಾಲು ಕೊಳಕು. ಆದರೂ ನಾನು ವೀಳ್ಯದೆಲೆಯ ಕಷಾಯವನ್ನೇ ಕ್ಯಾನಿನಲ್ಲಿ ತುಂಬಿಸಿಕೊಂಡು ಹೋದೆ. ಯಾಕೆ ಎಂದು ಈಗ ಕೇಳಿಕೊಂಡರೆ ಒಂದಿಷ್ಟು ಕಾರಣ ಜೋಡಿಸಬಲ್ಲೆ. ಆಗ ಇದ್ದ ಕಾರಣ ಬಹುಶಃ ಒಂದೇ, ಕಷಾಯ ಸಿದ್ಧವಾಗಿತ್ತು.

ಟ್ಯಾಂಕ್ ತೊಳೆದು ಮುಗಿಸಿದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು.

"ಏನೇ ಇದು, ಟ್ಯಾಂಕಿಗೆ ಎಲೆ ಕೊಡ್ತಾವ್ರೆ ಮೇಡಮ್ಮು."

"ಬರೀ ಎಲೇನಾ? ಅಡಿಕೆ ಸುಣ್ಣ ಬೇಡ್ವಾ ಮೇಡಂ? ನಮ್ಮತ್ತೆ ಚೀಲದಾಗೆ ಐತೆ, ತಂದ್ಕೊಡ್ಲಾ?"

"ಸುಮ್ನಿರ್ರೇ," ಎಂದರು ಕಾರ್ಯದರ್ಶಿ. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಕೆಲ್ಸ ಆಗ್ತದಾ ಮೇಡಂ ಇದ್ರಿಂದ?"

"ನೋಡೋಣ ಅಕ್ಕ."

ಎರಡು ದಿನ ನೀಲಿ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಮೂರನೆಯ ದಿನ ಮತ್ತೆ ಮೊದಲಿನಂತೆಯೇ. ಅಲ್ಲಿನ ಬೋರ್‌ವೆಲ್ ನೀರು ಗಡಸು. ಕಷಾಯ ಅದರಲ್ಲಿ ಬೆರೆತು ಕಂದು ಗಸಿಯಾಗಿ ತಳಕ್ಕೆ ಕೂತಿತ್ತು, ಅದನ್ನು ತಿಕ್ಕಿ ತೆಗೆಯುವುದು ಇನ್ನೊಂದು ಕೆಲಸ. ಲ್ಯಾಬಿನಲ್ಲಿ ನಾನು ಬಳಸುತ್ತಿದ್ದದ್ದು ಬಾಟಲಿಯ ಶುದ್ಧ ನೀರು.

ಗಡಸು ನೀರಿನ ವಿಷಯ ಬಂದಾಗಲೇ ಆಸಿಡ್ಡಿನ ಮಾತೂ ಬಂದದ್ದು. ಡೇರಿಯವರ ನಿಯಮದಂತೆ ದಿನಾ ಬಿಸಿನೀರು, ಸೋಡಾಪುಡಿ. ವಾರಕ್ಕೊಮ್ಮೆ ಆಸಿಡ್ ಹಾಕಿ, ನೀರಿನ ಸುಣ್ಣವೂ ಹಾಲಿನ ಸುಣ್ಣವೂ ಸೇರಿ ಕಟ್ಟಿದ ಗಟ್ಟಿ ಪದರವನ್ನು ಕರಗಿಸಬೇಕು. ಸುಣ್ಣ ಉಳಿದರೆ ಅದರ ಒರಟು ಮೈಯಲ್ಲಿ ಲೋಳೆ ಕಚ್ಚಿ ಕೂರುತ್ತದೆ. ಕಾರ್ಯದರ್ಶಿ ಸೆರಗು ಸರಿಸಿ ಮೊಣಕೈ ಕೆಳಗಿನ ಗುರುತು ತೋರಿಸಿದರು. ಚರ್ಮ ಸುಕ್ಕಾಗಿ, ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಹೋದ ವರ್ಷ ಸಿಡೀತು. ಇನ್ನು ನಮ್ ಹುಡ್ಗೀರ್ ಕೈಗೆ ಅದನ್ನ ಕೊಡಲ್ಲ ಅಂದ್ಬಿಟ್ಟೆ. ಕ್ಯಾನು ಆ ಮೂಲೇಲಿ ಹಂಗೇ ಐತೆ."

"ಒಂದು ವರ್ಷದಿಂದ ಹಾಕೇ ಇಲ್ಲ ಅಂತ ಡೇರಿಯವರಿಗೆ ಹೇಳಿದ್ದೀರಾ?"

"ಬ್ಯಾಡ ಅಂತ ಹೇಳ್ದೆ. ಅವ್ರು ಹಾಕ್ಲೇಬೇಕು ಅಂದ್ರು. ಸರಿ ಹಾಕ್ತೀವಿ ಅಂದೆ. ಹಾಕ್ಲಿಲ್ಲ." ಸೆರಗು ಎಳೆದುಕೊಂಡರು. "ಅದ್ಕೇ ತಾನೇ ನಿಮ್ಮನ್ನ ಕರ್ಸಿದ್ದು."

ಹಾಗಾದರೆ ಒಂದು ವರ್ಷದ ಸುಣ್ಣ ಎಲ್ಲೋ ಇರಬೇಕು. ಕೈಗೆಟಕುವ ಗೋಡೆಯ ಮೇಲಿರಲಿಲ್ಲ, ಅದನ್ನು ಅವರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಕೈಗೆಟಕದ ಜಾಗವೆಂದರೆ ತಳದಲ್ಲಿ ಹಾಲು ಹೊರಬರುವ ವಾಲ್ವು. ಅದನ್ನು ಬಿಚ್ಚಲು ಮೆಕ್ಯಾನಿಕ್ ಬೇಕು. ಕಂಪನಿಯವನು ಬರಲು ವಾರಗಟ್ಟಲೆ ಆಗುತ್ತದೆ. ಮುಳಬಾಗಿಲಿನ ಒಬ್ಬ ಮೆಕ್ಯಾನಿಕ್ ನಂಗಲಿ ಗಡಿಯವರೆಗೆ ಹಾಲಿನ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಾನೆಂದು ಕಾರ್ಯದರ್ಶಿಯೇ ಹೇಳಿ ಕರೆಸಿದರು. ಮಧ್ಯಾಹ್ನಕ್ಕೆ ಬರುತ್ತೇನೆಂದವನು ನಂಗಲಿಯ ಹತ್ತಿರ ಲಾರಿಗಳು ಸಾಲುಗಟ್ಟಿವೆ ಎಂದು ಫೋನು ಮಾಡುತ್ತಲೇ ಇದ್ದ. ಬಂದಾಗ ಬಿಸಿಲು ಇಳಿದಿತ್ತು. ನನ್ನ ಬಸ್ಸು ಹೋಗಿತ್ತು.

"ಸೀಲ್ ಇದೆ ಅಕ್ಕ ಇದ್ಕೆ," ಎಂದ ಅವನು ಟ್ಯಾಂಕಿನ ಕೆಳಗೆ ಅಂಗಾತ ಮಲಗಿ. "ಕಂಪನಿಯವ್ರು ಕೇಳಿದ್ರೆ?"

"ಇಲಿ ಕಡೀತು ಅಂತೀನಿ."

"ಸ್ಟೀಲ್ ಕಡಿಯೋ ಇಲಿ? ಕ್ಯಾ ಇಲಿ ಅಕ್ಕ ನಿಮ್ದು." ಸ್ಪ್ಯಾನರ್ ತಿರುಗಿಸುತ್ತಲೇ ಇದ್ದ. "ಮೇಡಂ, ನಾನ್ ಬಂದೇ ಇಲ್ಲ, ಸಮ್ಜೇ? ಬೀಗರ ಊರಿಗೆ ಹೋಗಿದೀನಿ."

ವಾಲ್ವು ಕೈಗೆ ಬಂತು. ಒಳಗಿನ ರಬ್ಬರ್ ಬಳೆ, ಗ್ಯಾಸ್ಕೆಟ್ಟು, ಹೊರಗಿನಿಂದ ಚೆನ್ನಾಗಿಯೇ ಕಂಡಿತು. ಅವನು ಉಗುರಿನಿಂದ ಎಬ್ಬಿಸಿದ. ಕೆಳಗೆ ಬೂದು ಹಳದಿಯ ಲೋಳೆ, ಅದರಡಿಯಲ್ಲಿ ಮೊಟ್ಟೆಯ ಚಿಪ್ಪಿನಂಥ ಬಿಳಿ ಸುಣ್ಣ. ವಾಸನೆ ಹಾಲಿನದ್ದಲ್ಲ. ಮುಚ್ಚಿಟ್ಟು ಮರೆತ ತುಪ್ಪದ ಪಾತ್ರೆಯದ್ದು. ಮೆಕ್ಯಾನಿಕ್ ಮೂಗು ಮುಚ್ಚಿಕೊಂಡ. ಕಾರ್ಯದರ್ಶಿ ಬಾಗಿ ನೋಡಿ ತೆಲುಗಿನಲ್ಲಿ ತನಗೆ ತಾನೇ ಏನೋ ಹೇಳಿಕೊಂಡರು. ದಿನಾ ತಾವೇ ನಿಂತು ತೊಳೆಸುವ ಟ್ಯಾಂಕು ಅದು.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕಥೆಯಾಗುತ್ತಿತ್ತು. ಕಳ್ಳ ಸಿಕ್ಕಿದ.

ಆದರೆ ಬಸ್ಸು ತಪ್ಪಿದ್ದರಿಂದ ನಾನು ಸಂಜೆಯ ಹಾಲು ಹಾಕುವುದನ್ನು ಮೊದಲ ಸಲ ನೋಡಿದೆ. ಮೆಕ್ಯಾನಿಕ್ ನೀರಿಗೆ ಹೋದಷ್ಟನ್ನು ತೊಳೆದು ಮತ್ತೆ ಜೋಡಿಸಿದ. ಹೆಂಗಸರು ಸಾಲಾಗಿ ನಿಂತರು. ಮೊದಲ ಕ್ಯಾನು ಸುರಿಯುವುದಕ್ಕೆ ಮುಂಚೆ ಕಾರ್ಯದರ್ಶಿ ಗೂಡಿನಿಂದ ಒಂದು ಹಿತ್ತಾಳೆ ಚೊಂಬು ಇಳಿಸಿ, ಅದರಲ್ಲಿದ್ದದ್ದನ್ನು ಟ್ಯಾಂಕಿಗೆ ಸುರಿದರು.

"ಅಕ್ಕ, ಅದೇನು?"

"ಹಾಲು."

"ಎಲ್ಲಿಯದು?"

"ಟ್ಯಾಂಕಿಂದೇ. ಬೆಳಿಗ್ಗೆ ಟ್ಯಾಂಕರ್ ಎಳ್ಕೊಂಡ್ ಹೋಗೋವಾಗ ತಳದಾಗೆ ಒಂದ್ ಚೊಂಬು ಉಳಿಸ್ಕೋತೀವಿ. ತೊಳ್ದಾದ್ ಮೇಲೆ ಇದನ್ನ ಹಾಕಿ ಶುರು ಮಾಡೋದು."

"ಬೆಳಗಿನಿಂದ ಹೊರಗಿತ್ತಾ ಇದು?"

"ಗೂಡಲ್ಲಿತ್ತು. ದೇವ್ರ್ ಮುಂದೆ." ನನ್ನ ಮುಖ ನೋಡಿ ಅವರ ಹುಬ್ಬು ಗಂಟಿಕ್ಕಿತು. "ಹಾಲಿನ ಪಾತ್ರೆ ಪೂರ್ತಿ ಖಾಲಿ ಮಾಡ್ಬಾರ್ದು ಮೇಡಂ. ನಿಮ್ಮನೇಲಿ ಮಾಡ್ತೀರಾ?"

ಮಾಡುವುದಿಲ್ಲ. ನನ್ನಮ್ಮ ಹಾಲಿನ ಪಾತ್ರೆಯ ತಳದಲ್ಲಿ ಒಂದು ಗುಟುಕು ಬಿಟ್ಟೇ ಹೊಸ ಹಾಲು ಹಾಕುತ್ತಿದ್ದಳು, ನಾನೂ ಹಾಗೆಯೇ ಮಾಡುತ್ತೇನೆ. ಹಾಗೆಂದು ಆಗ ಅವರಿಗೆ ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಹೇಳಿದೆ ಎಂದು ನೆನಪು ಹೇಳುತ್ತದೆ, ನನ್ನನ್ನು ಒಳ್ಳೆಯವಳಾಗಿ ತೋರಿಸುವ ನೆನಪುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಲೋಳೆಯ ಮೇಲಿನಿಂದ ಹರಿದು ಬಂದ ಹಾಲು, ಇಡೀ ಹಗಲು ಬೆಚ್ಚಗಿನ ಗೂಡಿನಲ್ಲಿ ಬೆಳೆದು, ತೊಳೆದ ಟ್ಯಾಂಕಿಗೆ ವಾಪಸ್ಸು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಅದನ್ನು ಹೇಳಿದೆ. ಅದು ಅವರಿಗೆ ಕೂಡಲೇ ಅರ್ಥವಾಯಿತು. ಆದರೆ ಒಪ್ಪಲಿಲ್ಲ.

"ಟ್ಯಾಂಕ್ ಬಂದಾಗ್ಲಿಂದ ಹಿಂಗೇ ಮಾಡಿದೀವಿ. ಆಗೆಲ್ಲ ಪಾಸಾಗ್ತಿತ್ತಲ್ಲ?"

ನನ್ನಲ್ಲಿದ್ದದ್ದು ಒಂದು ಊಹೆ. ಆಸಿಡ್ ಇದ್ದಾಗ ಸುಣ್ಣವಿರಲಿಲ್ಲ, ಸುಣ್ಣವಿಲ್ಲದಾಗ ಲೋಳೆ ಇರಲಿಲ್ಲ, ಲೋಳೆ ಇಲ್ಲದಾಗ ಚೊಂಬಿನ ಹಾಲು ಅಷ್ಟು ಕೆಟ್ಟಿರಲಿಲ್ಲ. ಮೇಲಾಗಿ ಟ್ಯಾಂಕರಿಗೆ ಜೋಡಿಸುವ ಉದ್ದ ಪೈಪೂ ಇತ್ತು. ಕತ್ತಲ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಅದರ ಬಾಯಿಗೆ ಬೆರಳು ಹಾಕಿದರೆ ಜಾರುತ್ತಿತ್ತು. ಮೂರು ಜಾಗ. ಯಾವುದು ಎಷ್ಟು ಕಾರಣ?

ಇದನ್ನು ತಿಳಿಯುವ ವಿಧಾನ ನನಗೆ ಗೊತ್ತು. ಒಂದನ್ನು ಬದಲಿಸಿ, ಉಳಿದೆರಡನ್ನು ಹಾಗೇ ಬಿಟ್ಟು, ಕೆಲವು ದಿನ ನೀಲಿ ಪರೀಕ್ಷೆ ಮಾಡುವುದು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಆ ರಾತ್ರಿ ಊರಲ್ಲೇ ಉಳಿದು, ಮಾರನೆಯ ದಿನ ಬಸ್ಸಿನಲ್ಲಿ ಕೂತು ಹಾಗೆಯೇ ಲೆಕ್ಕ ಹಾಕುತ್ತಿದ್ದೆ. ಆಯಾಸವಿತ್ತು, ಆದರೆ ಅದು ಒಂದು ಥರದ ಸುಖದ ಆಯಾಸ. ಪ್ರಶ್ನೆ ಚೆನ್ನಾಗಿತ್ತು. ಅಷ್ಟರಲ್ಲಿ ಅಧಿಕಾರಿಯ ಫೋನು ಬಂತು.

"ಮೇಡಂ, ಆ ಸಂಘದ ಸ್ಯಾಂಪಲ್ಲು ನಾಳಿದ್ದೇ ತೆಗೀತಾರೆ. ಶ್ರೀನಿವಾಸಪುರದ ಕಡೆಯ ಸಂಘ ಒಂದು ಟ್ಯಾಂಕಿಗೆ ಕಾಯ್ತಾ ಕೂತಿದೆ. ನನ್ನ ಕೈಲಿಲ್ಲ."

"ನನಗೆ ಇನ್ನೂ ಸ್ವಲ್ಪ ದಿನ ಬೇಕು ಸಾರ್. ಕಾರಣ ಯಾವುದು ಅಂತ—"

"ಕಾರಣ ಆಮೇಲೆ ಕಂಡುಹಿಡೀರಿ. ಪಾಸಾಗತ್ತಾ ಹೇಳಿ."

ಫೋನಿಟ್ಟ ಮೇಲೆ ನಾನು ಕಿಟಕಿಯಾಚೆ ನೋಡುತ್ತಾ ನಿರ್ಧಾರ ಮಾಡಿದೆ ಎಂದು ಬರೆಯಬಹುದು. ವಾಸ್ತವದಲ್ಲಿ ಪಕ್ಕದಲ್ಲಿದ್ದವರು ನನ್ನ ಭುಜದ ಮೇಲೆ ನಿದ್ದೆ ಹೋಗಿದ್ದರು, ಬಸ್ಸು ನಿಂತಾಗ ಅವರನ್ನು ಎಬ್ಬಿಸಿ ಇಳಿಯುವಷ್ಟರಲ್ಲಿ ಅದು ಆಗಲೇ ನಿರ್ಧಾರವಾಗಿತ್ತು. ವಾಲ್ವು, ಪೈಪು, ಚೊಂಬು, ಮೂರನ್ನೂ ಒಟ್ಟಿಗೇ ಸರಿಮಾಡಬೇಕು. ಹಾಗೆ ಮಾಡಿದರೆ ಟ್ಯಾಂಕ್ ಉಳಿಯಬಹುದು, ಆದರೆ ಯಾವುದರಿಂದ ಉಳಿಯಿತೆಂದು ನನಗೆ ಎಂದೂ ತಿಳಿಯುವುದಿಲ್ಲ.

ಸುಣ್ಣಕ್ಕೆ ಹುಳಿ ಬೇಕು. ಹುಣಸೆಹಣ್ಣು ನೆನೆಸಿದರೆ ನಾರು, ಗಸಿ, ವಾಲ್ವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಲೂರು ರಸ್ತೆಯಲ್ಲಿ ಪನೀರ್ ಮಾಡುವವರೊಬ್ಬರು ಹಾಲೊಡೆದ ನೀರನ್ನು ದಿನಾ ಮೋರಿಗೆ ಬಿಡುತ್ತಿದ್ದರು. ಅದನ್ನು ಇಟ್ಟು ಚೆನ್ನಾಗಿ ಹುಳಿ ಬರಿಸಿದರೆ ಸುಣ್ಣವನ್ನು ನಿಧಾನವಾಗಿ ಕರಗಿಸುತ್ತದೆ, ಕೈ ಸುಡುವುದಿಲ್ಲ. ಆ ಹುಳಿನೀರು ಚೊಂಬಿನ ಹಾಲಿನಿಂದಲೇ ಬಂತು ಎಂದಿದ್ದರೆ ಎಷ್ಟು ಚೆಂದವಿರುತ್ತಿತ್ತು. ಇಲ್ಲ, ಆಟೋದಲ್ಲಿ ಎರಡು ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಬಂತು, ದಾರಿಯುದ್ದಕ್ಕೂ ನನ್ನ ಸೀರೆಗೆ ತುಳುಕುತ್ತಾ. ಅದರಲ್ಲಿ ಒಂದು ತೊಡಕೂ ಇದೆ. ಹಾಲಿನ ಸಕ್ಕರೆ ಅದರಲ್ಲಿ ಉಳಿದಿರುತ್ತದೆ. ತೊಳೆಯದೆ ಬಿಟ್ಟರೆ ಬ್ಯಾಕ್ಟೀರಿಯಾಗಳಿಗೆ ಊಟ ಬಡಿಸಿದಂತೆ. ಆದ್ದರಿಂದ ಹುಳಿಯ ಹಿಂದೆಯೇ ಕುದಿಯುವ ನೀರು ಹೋಗಲೇಬೇಕು.

ಮೆಕ್ಯಾನಿಕ್ ಮತ್ತೆ ಬಂದು ವಾಲ್ವು ಬಿಚ್ಚಿದ. ಹೊಸ ಗ್ಯಾಸ್ಕೆಟ್ಟು ಬರಲು ದಿನಗಳು ಬೇಕು, ಹಳೆಯದನ್ನೇ ಹುಳಿನೀರಿನಲ್ಲಿ ನೆನೆಹಾಕಿ ತೆಂಗಿನ ನಾರಿನಿಂದ ತಿಕ್ಕಿದೆವು. ಸಂಘದ ಹಿಂದೆ ಕಲ್ಲಿನ ಒಲೆ ಹೂಡಿ ಹಂಡೆ ಇಟ್ಟರು. ಕುದಿಯುವ ನೀರನ್ನು ಪೈಪಿನೊಳಗೆ ಹಾಯಿಸಿ, ಎರಡೂ ಬಾಯಿ ತೆರೆದು, ಬಿಸಿಲಿಗೆ ಇಳಿಜಾರಾಗಿ ಕಟ್ಟಿದರು. ಒಣಗಿದ ಜಾಗದಲ್ಲಿ ಲೋಳೆ ಕಟ್ಟುವುದು ಕಷ್ಟ. ಟ್ಯಾಂಕಿನ ಮುಚ್ಚಳವನ್ನೂ ತೆರೆದಿಟ್ಟು ಬಲೆ ಹೊದಿಸಿದೆವು. ಇದೆಲ್ಲ ಒಂದು ದಿನದಲ್ಲಿ ಆಯಿತು. ಹೊಗೆಗೆ ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದಿತ್ತು, ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಉಳಿದದ್ದು ಚೊಂಬು. ಸಂಜೆ ಮೊದಲ ಕ್ಯಾನು ಬರುವ ಹೊತ್ತಿಗೆ ಕಾರ್ಯದರ್ಶಿ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಒಳಗ್ ಹಾಕ್ಲೇ ಬಾರ್ದಾ?"

"ಬೇಡ ಅಕ್ಕ."

"ಖಾಲಿ ಟ್ಯಾಂಕಿಗೆ ಹಾಕಿದ್ದು ಫೇಲಾದ್ರೆ, ಇವ್ರೆಲ್ಲ ಏನಂತಾರೆ ಗೊತ್ತಾ? ಚೊಂಬು ನಿಲ್ಸಿದ್ದಕ್ಕೇ ಹೋಯ್ತು ಅಂತಾರೆ. ಆವಾಗ ನೀವು ಬಸ್ ಹತ್ತಿ ಹೋಗಿರ್ತೀರ."

ನಿಜ. ಸಾಲಿನಲ್ಲಿದ್ದ ಒಬ್ಬ ಮುದುಕಿ, ವೀಳ್ಯದ ಚೀಲದ ಅತ್ತೆಯೇ ಇರಬೇಕು, ಕೂಗಿದಳು: "ಎಷ್ಟೊತ್ತೇ ನಿಂತ್ಕೊಳೋದು, ಕಾಲು ನೋಯ್ತದೆ. ಅದನ್ನ ನಿಮ್ಮನೇಗೆ ತಗೊಂಡೋಗಿ ಇಟ್ಕೋ. ಪಾತ್ರೆ ಎಲ್ಲಿದ್ರೇನು, ಖಾಲಿ ಇಲ್ದಿದ್ರೆ ಆಯ್ತು."

ಕಾರ್ಯದರ್ಶಿ ಮುದುಕಿಯನ್ನು ನೋಡಿದರು, ಚೊಂಬನ್ನು ನೋಡಿದರು. "ಲಕ್ಷ್ಮಿ ನಮ್ಮನೇಲಿ ಕೂತ್ಕೊಂಡ್ಲು ಅಂತ ಆಮೇಲೆ ನೀನೇ ಊರೆಲ್ಲ ಹೇಳ್ಕೊಂಡ್ ಬರ್ತೀಯ."

"ಹೇಳ್ತೀನಿ. ಮೊದ್ಲು ಹಾಲ್ ಅಳೀ."

ಚೊಂಬು ಗೂಡಿಗೆ ವಾಪಸ್ಸು ಹೋಗಲಿಲ್ಲ. ಮನೆಗೆ ಹೋಯಿತು. ಮೊದಲ ಕ್ಯಾನು ತೊಳೆದ, ಒಣಗಿದ, ಪೂರ್ತಿ ಖಾಲಿಯಾದ ಟ್ಯಾಂಕಿಗೆ ಬಿದ್ದಾಗ ಸದ್ದು ಜೋರಾಗಿ ಬಂತು. ಕಾರ್ಯದರ್ಶಿ ಮುಖ ಆಚೆ ತಿರುಗಿಸಿಕೊಂಡರು.

ಸ್ಯಾಂಪಲ್ ತೆಗೆದ ದಿನ ನಾನು ಲ್ಯಾಬಿನಲ್ಲಿ ಅದೇ ಹಾಲಿನ ಇನ್ನೊಂದು ಬಾಟಲಿಗೆ ನೀಲಿ ಹಾಕಿಟ್ಟೆ. ಊಟದ ಹೊತ್ತಿಗೂ ನೀಲಿ ಇತ್ತು. ಚಹಾದ ಹೊತ್ತಿಗೂ ಇತ್ತು. ಖುಷಿಯಾಯಿತೆಂದು ಹೇಳಲಾರೆ, ಕುರ್ಚಿಯಲ್ಲಿ ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಸಂಜೆ ಅಧಿಕಾರಿ ಫೋನು ಮಾಡಿ ಪಾಸಾಯಿತು ಎಂದರು. ಟ್ಯಾಂಕ್ ಅಲ್ಲೇ ಇರುತ್ತದೆ.

"ಏನ್ ಮಾಡಿದ್ರಿ ಮೇಡಂ? ಒಂದೇ ಸಾಲಲ್ಲಿ ಹೇಳಿ, ಬೇರೆ ಸಂಘಗಳಿಗೂ ಹೇಳ್ತೀನಿ."

"ಒಂದೇ ಸಾಲಲ್ಲಿ ಆಗಲ್ಲ ಸಾರ್."

"ಎಲೆ ಕಷಾಯ ಅಂತ ಹಾಕ್ಕೊಳ್ಲಾ?"

"ಬೇಡ. ಅದು ಕೆಲಸ ಮಾಡಲಿಲ್ಲ."

ಅವರಿಗೆ ಬೇಸರವಾಯಿತು. ನ್ಯಾಚುರಲ್ ಎಂದರೆ ಅವರ ಮನಸ್ಸಿನಲ್ಲಿ ಒಂದು ಎಲೆಯ ಚಿತ್ರವಿತ್ತು. ಮೋರಿಗೆ ಹೋಗುವ ಹುಳಿನೀರು, ಸೌದೆ, ಬಿಸಿಲು, ನಿಲ್ಲಿಸಿದ ಒಂದು ಪದ್ಧತಿ, ಇವನ್ನು ಸೇರಿಸಿ ಏನೆಂದು ಕರೆಯುವುದು?

ಕೆಲವು ವಾರ ಕಳೆದು ಮತ್ತೆ ಹೋದೆ. ಪಾಸಾಗುತ್ತಲೇ ಇತ್ತು. ಆದರೆ ಎಲ್ಲರೂ ಸೋತಿದ್ದರು. ಟ್ಯಾಂಕರ್ ಹೋದ ಮೇಲೆ ದಿನಾ ಹಂಡೆ ಕಾಯಿಸಬೇಕು. ಪೈಪು ಹೊತ್ತು ಬಿಸಿಲಿಗೆ ಕಟ್ಟಿ, ಸಂಜೆ ಇಳಿಸಬೇಕು. ಸರದಿಯ ಮೇಲೆ ಇಬ್ಬರು ಹೆಂಗಸರು ಹೊಲದ ಕೆಲಸ ಬಿಟ್ಟು ಬರುತ್ತಿದ್ದರು, ಬರದ ದಿನ ಕಾರ್ಯದರ್ಶಿ ಒಬ್ಬರೇ. ವಾಲ್ವು ಬಿಚ್ಚುವುದನ್ನು ಮೆಕ್ಯಾನಿಕ್ಕಿನಿಂದ ಕಲಿತಿದ್ದರು. ಹುಳಿನೀರು ತರಲು ಮಾಲೂರು ರಸ್ತೆಗೆ ಯಾರಾದರೂ ಹೋಗಲೇಬೇಕು. ನಾನು ಹೋದಾಗ ಅವರು ಗ್ಯಾಸ್ಕೆಟ್ಟು ತಿಕ್ಕುತ್ತಾ ಕೂತಿದ್ದರು. ಬೆರಳ ತುದಿಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು.

"ಮೇಡಂ, ಒಂದ್ ಕೇಳ್ತೀನಿ. ಈ ಮೂರರಾಗೆ ಯಾವ್ದಾದ್ರೂ ಒಂದ್ ಬಿಡ್ಬೋದಾ?"

"ಬಿಡಬಹುದು ಅನ್ಸತ್ತೆ ಅಕ್ಕ. ಯಾವುದು ಅಂತ ಗೊತ್ತಿಲ್ಲ."

"ಚೊಂಬು ಮತ್ತೆ ಇಟ್ರೆ?"

"ಗೊತ್ತಿಲ್ಲ."

"ಪೈಪು ಬಿಸ್ಲಿಗೆ ಹಾಕೋದ್ ಬಿಟ್ರೆ?"

"ಅದೂ ಗೊತ್ತಿಲ್ಲ. ತಿಳೀಬೇಕು ಅಂದ್ರೆ ಒಂದೊಂದಾಗಿ ಬಿಟ್ಟು ನೋಡಬೇಕು. ಬಿಟ್ಟಾಗ ಹಾಲು ಕೆಟ್ಟರೆ, ಅದೇ ಕಾರಣ ಅಂತ."

"ಕೆಟ್ಟಾಗ ಡೇರಿಯವ್ರ ಸ್ಯಾಂಪಲ್ ಬಿದ್ರೆ?"

"ಟ್ಯಾಂಕ್ ಹೋಗತ್ತೆ."

ಅವರು ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಒಂದು ಕಡೆ ಬೆರಳಾಡಿಸಿ, ಮತ್ತೆ ನೀರಿಗೆ ಅದ್ದಿದರು.

"ಹಂಗಾದ್ರೆ ತಿಳ್ಕೊಳೋದೇ ಬ್ಯಾಡ ಬಿಡಿ ಮೇಡಂ," ಎಂದು ನಾರು ಕೈಗೆತ್ತಿಕೊಂಡರು.